ಮಹಜರಿನಲ್ಲಿ ‘ಒಂದು ಮೊಬೈಲ್’

ಕೌಲ್ ಬಜಾರ್, ಬಳ್ಳಾರಿ
ಭಾನುವಾರ ಸಂಜೆ

ಚಿರಂಜೀವಿ ಮಗಳಿಗೆ ಅಪ್ಪನ ಆಶೀರ್ವಾದ.

ಆ ಗೌಪ್ಯ ಕಡತದ ಸುದ್ದಿ ಬರೆದದ್ದಕ್ಕೆ ಪೊಲೀಸರ ನೋಟಿಸ್ ಬಂದಿದೆ ಅಂತ ನೀನಂದಾಗ, ನಿನ್ನೆ ಫೋನಿನಲ್ಲಿ ನಾನು ‘ಮೊಬೈಲಿನಲ್ಲಿರೋದು ಎಲ್ಲಾ ಅಳಿಸಿಬಿಡು’ ಅಂತ ಕೂಗಾಡಿದೆ. ನೀನು ಕಟ್ ಮಾಡಿದೆ. ಒಳ್ಳೇದೇ ಮಾಡಿದೆ. ಈ ಕಾಗದದಲ್ಲಿ ಬೇರೇನೂ ಓದದಿದ್ದರೂ ಇಷ್ಟು ಓದು: ಏನನ್ನೂ ಅಳಿಸಬೇಡ. ಹಾಜರುಪಡಿಸು ಅಂತ ನೋಟಿಸ್ ಬಂದ ಮೇಲೆ ಒಂದು ಮೆಸೇಜ್ ಅಳಿಸಿದರೂ ಭಾರತೀಯ ನ್ಯಾಯ ಸಂಹಿತೆಯ 241ನೇ ಕಲಂ ಸೇರಿಸೋಕೆ ನೀನೇ ದಾರಿ ಮಾಡಿಕೊಟ್ಟ ಹಾಗೆ. ಮೂಲ ಕೇಸು ಬಿದ್ದುಹೋದರೂ ಇದು ಉಳೀಬಹುದು. ವರ್ಷಗಟ್ಟಲೆ ಠಾಣೆಯಲ್ಲಿ ಕಾಗದಪತ್ರ ಬರೆಯೋ ರೈಟರ್ ಆಗಿ ಕೂತವನ ಬಾಯಲ್ಲೇ ಆ ಮಾತು ಬಂತಲ್ಲ ಅಂತ ರಾತ್ರಿ ನಿದ್ದೆ ಹತ್ತಲಿಲ್ಲ. ತಪ್ಪಾಯ್ತು ಅವ್ವಾ.

ಆ ಕಡತದಲ್ಲಿ ಏನಿತ್ತು, ಯಾರಿಗೆ ಉರಿ ಹತ್ತಿತು ಅನ್ನೋದೆಲ್ಲ ಇಬ್ಬರಿಗೂ ಗೊತ್ತಿದೆ, ಬಿಡು. ನೀನು ಕಳಿಸಿದ ನೋಟಿಸಿನ ಫೋಟೋದಲ್ಲಿ ಮೇಲಿನ ಎರಡು ಸಾಲು ಕತ್ತರಿಸಿಹೋಗಿವೆ. ಇರೋ ವಿಷಯವೆಲ್ಲ ಅಲ್ಲೇ. ನಾಗರಿಕ ಸುರಕ್ಷಾ ಸಂಹಿತೆಯ 179 ಅಂತಿದ್ದರೆ ನೀನು ಸಾಕ್ಷಿ. ಹೆಣ್ಣುಮಗಳನ್ನು ಸಾಕ್ಷಿಯಾಗಿ ಠಾಣೆಗೆ ಕರೆಸೋ ಹಾಗಿಲ್ಲ, ಅವರೇ ನಿನ್ನ ಮನೆಗೆ ಬರಬೇಕು. 35(3) ಅಂತಿದ್ದರೆ ನಿನ್ನ ಮೇಲೇ ಅನುಮಾನ. ಹೋಗಲೇಬೇಕು, ಹೋಗದಿದ್ದರೆ ಬಂಧನಕ್ಕೆ ಅದೇ ಕಾರಣವಾಗುತ್ತೆ. ಆದರೆ 35ರ ನೋಟಿಸನ್ನು ವಾಟ್ಸಾಪಿನಲ್ಲಿ ಜಾರಿ ಮಾಡಬಾರದು ಅಂತ ಸುಪ್ರೀಂ ಕೋರ್ಟ್ 2025ರ ಜನವರಿಯಲ್ಲಿ ಹೇಳಿದೆ. 94 ಅಂತಿದ್ದರೆ ವಸ್ತುವನ್ನೋ ದಾಖಲೆಯನ್ನೋ ತಂದುಕೊಡು ಅಂತ ಅರ್ಥ. ಅದನ್ನು ಎಲೆಕ್ಟ್ರಾನಿಕ್ ರೂಪದಲ್ಲೂ ಕಳಿಸಬಹುದು. ಮೂರಕ್ಕೂ ಉತ್ತರ ಬೇರೆ ಬೇರೆ, ಮತ್ತೆ ಮೂರಕ್ಕೂ ಉತ್ತರ ಬರವಣಿಗೆಯಲ್ಲೇ, ವಕೀಲರ ಮೂಲಕವೇ. ಹಳೇ ಸಿಆರ್‌ಪಿಸಿಯಲ್ಲಿ ಇವೇ 160, 41ಎ, 91. ನನ್ನ ಕೈಗೆ ಇನ್ನೂ ಅವೇ ಬರ್ತವೆ.

ಈಗ ಮಹಜರು, ಅಂದರೆ ಸಾಕ್ಷಿಗಳ ಮುಂದೆ ಬರೆಯೋ ಜಪ್ತಿಯ ದಾಖಲೆ. ನನ್ನ ಹೆದರಿಕೆ ಇರೋದೇ ಇಲ್ಲಿ.

ಫೋನ್ ಜಪ್ತಿ ಮಾಡುವಾಗ ‘ಕಪ್ಪು ಬಣ್ಣದ ಒಂದು ಮೊಬೈಲ್’ ಅಂತ ಒಂದೇ ಸಾಲು ಬರೆದು ಸಹಿ ಹಾಕು ಅಂತಾರೆ. ಹಾಕಬೇಡ. ಕಂಪನಿ, ಮಾಡೆಲ್, ಐಎಂಇಐ ಅನ್ನೋ ಫೋನಿನ ಗುರುತಿನ ಸಂಖ್ಯೆ ಬರಬೇಕು. ಸ್ಟಾರ್ ಹ್ಯಾಶ್ ಸೊನ್ನೆ ಆರು ಹ್ಯಾಶ್ ಒತ್ತಿದರೆ 15 ಅಂಕಿ ಕಾಣ್ತವೆ, ಎರಡು ಸಿಮ್ಮಿದ್ದರೆ ಎರಡು ಸಂಖ್ಯೆ. ಇವತ್ತೇ ಕಾಗದದಲ್ಲಿ ಬರೆದಿಟ್ಟುಕೋ. ಸಿಮ್, ಮೆಮೊರಿ ಕಾರ್ಡ್ ಬೇರೆ ಬೇರೆ ಬಾಬ್ತಾಗಿ ಬರಲಿ. ಪರದೆ ಒಡೆದಿದೆಯೋ, ಫೋನ್ ಆನ್ ಇತ್ತೋ ಆಫ್ ಇತ್ತೋ, ಗಂಟೆ ಎಷ್ಟು, ಅದೂ ಬರಲಿ. ಬಟ್ಟೆಯಲ್ಲಿ ಸುತ್ತಿ ಅರಗು ಹಾಕಿ ಮೊಹರು ಒತ್ತಿದ ಮೇಲೆ ಚೀಟಿಯ ಮೇಲೆ ನಿನ್ನ ಸಹಿ. ಮಹಜರಿನ ಕೊನೆಯಲ್ಲಿ ಖಾಲಿ ಜಾಗ ಉಳಿದರೆ ಅಡ್ಡಗೀಟು ಎಳೆಸು. ನಕಲು ಕೈಗೆ ಬರೋವರೆಗೂ ಕುರ್ಚಿ ಬಿಡಬೇಡ.

ಯಾಕಿಷ್ಟು ಅಂದರೆ, ಫೋನ್ ಅನ್ನೋದು ಕೊಡಲಿ–ಕುಡುಗೋಲಿನ ಹಾಗಲ್ಲ. ಜಪ್ತಿಯಾದ ಮೇಲೆ ಯಾರೋ ಒಮ್ಮೆ ಆನ್ ಮಾಡಿದರೂ ಒಳಗಿನ ದಾಖಲೆ ಬದಲಾಗುತ್ತೆ. ನೆಟ್‌ವರ್ಕ್ ಸಿಕ್ಕರೆ ಹೊಸ ಮೆಸೇಜ್ ಬಂದು ಕೂರುತ್ತೆ. ಅದಕ್ಕೇ ಸಿಗ್ನಲ್ ತಡೆಯುವ ಫ್ಯಾರಡೆ ಚೀಲ ಬೇಕು. ಆಮೇಲೆ ಒಳಗಿಂದ ಪ್ರತಿ ತೆಗೆದಾಗ ಅದರ ಬೆರಳಚ್ಚಿನಂಥ ಗುರುತು, ಅಂದರೆ ಹ್ಯಾಶ್ ಮೌಲ್ಯ, ಬರೀಬೇಕು, ಎಸ್‌ಎಚ್‌ಎ–256 ಅನ್ನೋ ವಿಧಾನದಲ್ಲಿ ಆದರೆ 64 ಅಕ್ಷರ. ಪ್ರತಿಯಲ್ಲಿ ಒಂದು ಚುಕ್ಕಿ ಬದಲಾದರೂ ಆ 64 ಬೇರೆಯಾಗುತ್ತೆ. ಸಾಕ್ಷ್ಯ ಅಧಿನಿಯಮದ 63ನೇ ಕಲಂ ಕೇಳುವ ಪ್ರಮಾಣಪತ್ರದಲ್ಲಿ ಅದಕ್ಕೊಂದು ಜಾಗವೇ ಇದೆ. ಆ ಸಂಖ್ಯೆ ಇಲ್ಲದ ಪ್ರತಿಯಲ್ಲಿ ಏನಾದರೂ ಹೊಸದಾಗಿ ‘ಸಿಕ್ಕರೆ’, ಅದು ನಿನ್ನದಲ್ಲ ಅಂತ ಹೇಗೆ ತೋರಿಸ್ತೀ?

ಒಂದೇ ಸಾಲಿನಲ್ಲಿ ಮುಗಿಸಿದ ಕೈ ನನ್ನದೂ ಹೌದು. ‘ಬೇಗ ಮುಗಿಸ್ರೀ’ ಅಂದಾಗ ಮುಗಿಸಿದೀನಿ. ಠಾಣೆ ಎದುರಿನ ಚಹಾದಂಗಡಿಯವನೇ ಎಷ್ಟೋ ಮಹಜರಿಗೆ ಪಂಚ, ಅಂದರೆ ಸಾಕ್ಷಿ. ಕಾನೂನು ಕೇಳೋದು ಆ ಜಾಗದ ಇಬ್ಬರು ಸ್ವತಂತ್ರ, ಮರ್ಯಾದಸ್ಥ ನಿವಾಸಿಗಳನ್ನು. ನಿಮ್ಮ ಕೆಳಮನೆಯವರನ್ನು ಕರೀ. ಈಗ ನಾಗರಿಕ ಸುರಕ್ಷಾ ಸಂಹಿತೆಯ 105ನೇ ಕಲಂ ಪ್ರಕಾರ ಶೋಧ–ಜಪ್ತಿಯನ್ನು ವಿಡಿಯೊ ಮಾಡಲೇಬೇಕು, ಮೊಬೈಲಿನಲ್ಲಾದರೂ ಸರಿ. ‘ವಿಡಿಯೊ ಶುರುವಾಯ್ತಾ ಸರ್?’ ಅಂತ ಮೆತ್ತಗೆ ಕೇಳು. ವಾರಂಟ್ ಇಲ್ಲದೆ ಬಂದರೆ ಕಾರಣ ಬರೆದಿಟ್ಟಿರಬೇಕು, ಅದರ ನಕಲು 48 ಗಂಟೆಯೊಳಗೆ ಮ್ಯಾಜಿಸ್ಟ್ರೇಟರಿಗೆ ಹೋಗಬೇಕು.

ಪಾಸ್‌ವರ್ಡ್ ಕೇಳೇ ಕೇಳ್ತಾರೆ. ನಮ್ಮ ಹೈಕೋರ್ಟ್ 2021ರ ವೀರೇಂದ್ರ ಖನ್ನಾ ತೀರ್ಪಿನಲ್ಲಿ ಪಾಸ್‌ವರ್ಡ್ ಕೊಟ್ಟ ಮಾತ್ರಕ್ಕೆ ತನ್ನ ವಿರುದ್ಧ ತಾನೇ ಸಾಕ್ಷಿ ಹೇಳಿದ ಹಾಗಾಗೋಲ್ಲ ಅಂದಿದೆ. ಅದು ನಮಗೆ ಒಳ್ಳೇದಲ್ಲ. ಆದರೆ ತನಿಖಾಧಿಕಾರಿ ತಾನೇ ಬಲವಂತ ಮಾಡೋ ಹಾಗಿಲ್ಲ, ಕೋರ್ಟಿಗೆ ಹೋಗಬೇಕು ಅಂತಲೂ ಇದೆ. ‘ಕೋರ್ಟ್ ಆದೇಶ ತೋರಿಸಿ, ವಕೀಲರ ಜೊತೆ ಮಾತಾಡಿ ಹೇಳ್ತೀನಿ.’ ಇಷ್ಟೇ ಮಾತು. ಬೆರಳಚ್ಚು, ಮುಖದ ಲಾಕ್ ಈಗಲೇ ತೆಗೆದು ಉದ್ದದ ಪಿನ್ ಇಡು.

ವಿಚಾರಣೆಯಲ್ಲಿ ಬರೆದುಕೊಂಡ ಹೇಳಿಕೆಗೆ ಸಹಿ ಹಾಕಿಸೋ ಹಾಗಿಲ್ಲ, ಅದೇ ಸುರಕ್ಷಾ ಸಂಹಿತೆಯ ಕಲಂ 181. ಮಹಜರಿಗೆ ಸಹಿ, ಹೇಳಿಕೆಗೆ ಇಲ್ಲ. ಗಾಬರಿಯಲ್ಲಿ ಎರಡೂ ಒಂದೇ ಅನಿಸುತ್ತೆ.

ಕಡತ ಕೊಟ್ಟವರು ಯಾರು ಅಂತ ಕೇಳ್ತಾರೆ. ಪ್ರೆಸ್ ಕೌನ್ಸಿಲ್ ಕಾಯ್ದೆಯ 15(2) ಕಾಪಾಡುತ್ತೆ ಅಂತ ನೀನಂದೆ. ಅದು ಕೌನ್ಸಿಲ್ಲಿನ ಮುಂದೆ ಮಾತ್ರ ನಡೆಯುತ್ತೆ. ವಕೀಲರಿಗಿರುವಂಥ ರಕ್ಷಣೆ ನಿಮ್ಮಂಥ ಪತ್ರಕರ್ತರಿಗೆ ಸಾಕ್ಷ್ಯದ ಕಾನೂನಿನಲ್ಲಿ ಇಲ್ಲ. ಪೆಗಾಸಸ್ ಅನ್ನೋ ಫೋನ್ ಗೂಢಚಾರಿ ತಂತ್ರಾಂಶದ ವಿಷಯದಲ್ಲಿ ಸುಪ್ರೀಂ ಕೋರ್ಟ್ 2021ರಲ್ಲಿ ಸುದ್ದಿಮೂಲದ ರಕ್ಷಣೆ ಪತ್ರಿಕಾ ಸ್ವಾತಂತ್ರ್ಯಕ್ಕೆ ಬೇಕೇ ಬೇಕು ಅಂದಿದೆ, ಅದನ್ನು ವಕೀಲರು ನೆನಪಿಸಲಿ. ಆದರೆ ಕೊಟ್ಟವರನ್ನು ಹಿಡಿಯೋಕೆ ನಿನ್ನ ಬಾಯೇ ಬೇಕಂತಿಲ್ಲ, ಕಾಗದವೇ ಸಾಕು. 2017ರಲ್ಲಿ ಅಮೆರಿಕದಲ್ಲಿ ರಹಸ್ಯ ದಾಖಲೆಯನ್ನು ಸುದ್ದಿಸಂಸ್ಥೆಗೆ ಕೊಟ್ಟ ರಿಯಾಲಿಟಿ ವಿನ್ನರ್ ಅನ್ನೋ ಹೆಣ್ಣುಮಗಳು ಸಿಕ್ಕಿಬಿದ್ದದ್ದು ಹೇಗೆ? ಪತ್ರಕರ್ತರು ಖಾತ್ರಿಗೆ ಅಂತ ತೋರಿಸಿದ ಪ್ರತಿಯಲ್ಲಿ ಮಡಿಸಿದ ಗುರುತು ಇತ್ತು, ಅಂದರೆ ಪ್ರಿಂಟ್ ತೆಗೆದದ್ದು. ಪ್ರಿಂಟ್ ತೆಗೆದವರು ಆರೇ ಜನ. ಅವರಲ್ಲಿ ಆ ಸಂಸ್ಥೆಗೆ ಇಮೇಲ್ ಬರೆದಿದ್ದವಳು ಒಬ್ಬಳೇ. ಐದು ವರ್ಷ ಮೂರು ತಿಂಗಳ ಶಿಕ್ಷೆ. ಬಣ್ಣದ ಲೇಸರ್ ಪ್ರಿಂಟರುಗಳಲ್ಲಿ ಎಷ್ಟೋ ಪುಟಕ್ಕೆಲ್ಲಾ ಕಣ್ಣಿಗೆ ಕಾಣದ ಹಳದಿ ಚುಕ್ಕಿ ಉದುರಿಸ್ತವೆ. ಯಂತ್ರದ ಕ್ರಮಸಂಖ್ಯೆ, ತಾರೀಕು, ವೇಳೆ ಅದರಲ್ಲೇ. ನಮ್ಮ ಕಚೇರಿಗಳಲ್ಲಿ ಚುಕ್ಕಿ ಯಾಕೆ ಬೇಕು? ಮೂಲೆಯ ಆವಕ ಸಂಖ್ಯೆ, ಪಕ್ಕದ ಹಸಿರು ಶಾಯಿಯ ಕಿರುಸಹಿ ನೋಡಿದರೆ ಯಾವ ಮೇಜಿನ ಪ್ರತಿ ಅಂತ ಟಪಾಲಿನ ಹುಡುಗನೂ ಹೇಳ್ತಾನೆ. ನೀನು ಪುಟದ ಫೋಟೋ ಹಾಕದೆ ವಿಷಯ ಬರೆದೆಯಲ್ಲ, ಅದನ್ನು ನೋಡಿ ಹೆಮ್ಮೆ ಆಯ್ತು. ಹೇಳಬೇಕಿತ್ತು, ಕೂಗಾಡಿದೆ.

‘ಗೌಪ್ಯ’ ಮೊಹರಿನ ಮಾತು ಎತ್ತಿ 1923ರ ಅಧಿಕೃತ ರಹಸ್ಯ ಕಾಯ್ದೆ ಅಂತ ಹೆದರಿಸ್ತಾರೆ. ಸರ್ಕಾರವೋ ಅದು ಅಧಿಕಾರ ಕೊಟ್ಟವರೋ ದೂರು ಕೊಡದೆ ಕೋರ್ಟ್ ಅದನ್ನು ವಿಚಾರಣೆಗೆ ತಗೊಳ್ಳೋ ಹಾಗಿಲ್ಲ, ಕಲಂ 13. 2019ರಲ್ಲಿ ರಫೇಲ್ ಯುದ್ಧವಿಮಾನ ಖರೀದಿಯ ಕಾಗದ ಕದ್ದದ್ದು ಅಂತ ಸರ್ಕಾರವೇ ವಾದಿಸಿದರೂ ಸುಪ್ರೀಂ ಕೋರ್ಟ್ ಏಪ್ರಿಲ್ 10ಕ್ಕೆ ಆ ತಕರಾರು ತಳ್ಳಿಹಾಕಿತು. ನಮ್ಮ ಜಿಲ್ಲೆಯದ್ದೇ ನೋಡು, ಗಣಿ ಬಗ್ಗೆ ಲೋಕಾಯುಕ್ತರ ವರದಿ ಸಲ್ಲಿಕೆಯಾಗಿದ್ದು 2011ರ ಜುಲೈ 27ಕ್ಕೆ. ಅದಕ್ಕೂ ಮೊದಲೇ ಸೋರಿ ಪೇಪರಿನಲ್ಲಿ ಬಂದಿತ್ತು. 31ಕ್ಕೆ ಮುಖ್ಯಮಂತ್ರಿ ರಾಜೀನಾಮೆ. ಇದೆಲ್ಲ ಗೊತ್ತಿದ್ದೂ ನನ್ನ ತಲೆಯಲ್ಲಿ ಕೂತಿರೋದು ಪತ್ರಕರ್ತ ಇಫ್ತಿಕಾರ್ ಗಿಲಾನಿ. 2002ರ ಜೂನ್‌ನಿಂದ 2003ರ ಜನವರಿವರೆಗೆ ಏಳು ತಿಂಗಳು ತಿಹಾರ್. ಅವರ ಕಂಪ್ಯೂಟರಿನಲ್ಲಿ ಸಿಕ್ಕ ‘ರಹಸ್ಯ’ ಯಾರು ಬೇಕಾದರೂ ಓದಬಹುದಾಗಿದ್ದ ದಾಖಲೆ. ಕೇಸು ಕೊನೆಗೆ ವಾಪಸಾಯ್ತು. ಏಳು ತಿಂಗಳು ವಾಪಸಾಗಲಿಲ್ಲ.

ಮತ್ತೆ ಮಹಜರಿಗೇ ಬರ್ತೀನಿ, ಸಿಟ್ಟಾಗಬೇಡ. ಪಿ.ಎಫ್. ನಂಬರ್, ಅಂದರೆ ಠಾಣೆಯಲ್ಲಿ ಜಪ್ತಿ ಮಾಲಿಗೆ ಹಾಕೋ ನಂಬರ್, ಕೇಳಿ ತಗೋ ಅಂತ ಹೇಳೋದು ಮರೆತಿದ್ದೆ. ಆ ನಂಬರಿಲ್ಲದೆ ನಾಳೆ ಫೋನ್ ವಾಪಸ್ ಕೊಡಿ ಅಂತ ಕೋರ್ಟಿಗೆ ಅರ್ಜಿ ಹಾಕೋದು ಕಷ್ಟ. ವಕೀಲರ ನಂಬರೂ ನನ್ನ ನಂಬರೂ ಕಾಗದದಲ್ಲಿ ಬರೆದು ಚೂಡಿದಾರದ ಜೇಬಿನಲ್ಲಿಡು. ಫೋನ್ ಕೈಬಿಟ್ಟ ಮೇಲೆ ಯಾರ ನಂಬರೂ ನೆನಪಿರೋಲ್ಲ. ಪೆನ್‌ಡ್ರೈವ್ ತಂದು ನಮ್ಮ ಮನೆಯ ಅಟ್ಟದ ಮೇಲೆ ಮಾತ್ರ ಇಡಬೇಡ. ನನಗೆ ಹೆದರಿಕೆ ಅಂತಲ್ಲ. ಹೆದರಿಕೆಯೇ ಅನ್ಕೋ, ನಿಮ್ಮವ್ವಗೆ ಬಿಪಿ ಇದೆ.

ಪಕ್ಕದ ಮನೆ ಹುಡುಗ ಇವತ್ತು ರಾತ್ರಿ ಹಂಪಿ ಎಕ್ಸ್‌ಪ್ರೆಸ್‌ಗೆ ಹೊರಟಿದಾನೆ, ಅವನ ಕೈಯಲ್ಲಿ ಈ ಕಾಗದವೂ ಶೇಂಗಾ ಚಟ್ನಿಪುಡಿಯೂ ಬರ್ತವೆ. ಮಂಗಳವಾರ ಅವರು ಹತ್ತು ಗಂಟೆಗೆ ಅಂದಿದಾರೆ. ನಾನು ಸೋಮವಾರ ರಾತ್ರಿಯ ರೈಲು ಹತ್ತಲಾ? ಒಳಗೆ ಬರೋಲ್ಲ, ಹೊರಗೆ ಬೆಂಚಿನ ಮೇಲೆ ಕೂತಿರ್ತೀನಿ. ಬೇಡ ಅಂದರೆ ಬರೋಲ್ಲ. ಅಷ್ಟರೊಳಗೆ ನೋಟಿಸಿನ ಆ ಮೇಲಿನ ಎರಡು ಸಾಲಿನ ಫೋಟೋ ಕಳಿಸು.

ನಿನ್ನ ಅಪ್ಪ