ಜೂನ್ 1ರಿಂದ ಡ್ರೈಯರ್ ಬಂದ್: ನಮ್ಮ ಗ್ರಾಹಕರಿಗೆ ಪತ್ರ

ಹಡಪಸರ, ಪುಣೆ

ಕೂಸುಗಳ ತಾಯಿ-ತಂದೆಯರಿಗೂ ಅಜ್ಜ-ಅಜ್ಜಿಯರಿಗೂ ಕೂಸುಗಳ ಬಟ್ಟೆಯ ಲಂಗೋಟಿ ಒಗೆದು ಮನೆಗೆ ತಲುಪಿಸುವ ನಮ್ಮ ಸಹಕಾರಿಯ ಹೆಣ್ಣುಮಕ್ಕಳ ನಮಸ್ಕಾರ.

ಜೂನ್ 1ರಿಂದ ಲಂಗೋಟಿಗಳನ್ನು ಡ್ರೈಯರಿಗೆ, ಅಂದರೆ ಕರೆಂಟಿನಲ್ಲಿ ಬಟ್ಟೆ ಒಣಗಿಸುವ ಮಶೀನಿಗೆ, ಹಾಕುವುದಿಲ್ಲ, ಎಲ್ಲವನ್ನೂ ತಂತಿಯ ಮೇಲೆಯೇ ಒಣಗಿಸುತ್ತೇವೆ. ಹಾಗಾಗಿ ದಿನಾ ಬರುತ್ತಿದ್ದ ಗಾಡಿ ಇನ್ನು ಮೂರು ದಿನಕ್ಕೊಮ್ಮೆ ಬರುತ್ತದೆ. ನಡುವೆ ಕೊರತೆ ಆಗದಿರಲೆಂದು ಪ್ರತಿ ಮನೆಗೂ 30 ಲಂಗೋಟಿ ಹೆಚ್ಚಿಗೆ ಕೊಡುತ್ತೇವೆ. ಅದಕ್ಕೆ ಬೇರೆ ದುಡ್ಡಿಲ್ಲ. ಇವು ದೊಡ್ಡವರಾದ ಮಕ್ಕಳ ಮನೆಗಳಿಂದ ಮರಳಿ ಬಂದವು, ಬಿಸಿ ನೀರಿನಲ್ಲಿ ಒಗೆದವು. ಹಳೆಯ ಧೋತರ ಹರಿದು ಲಂಗೋಟಿ ಮಾಡುತ್ತಿದ್ದ ಅಜ್ಜಿಯರಿಗೆ ಗೊತ್ತು, ತೊಳೆದು ತೊಳೆದು ಮೆತ್ತಗಾದ ಬಟ್ಟೆಯೇ ಕೂಸಿನ ಮೈಗೆ ಹಿತ.

ಬಿಸಾಡುವ ಡೈಪರಿಗಿಂತ ಬಟ್ಟೆ ಭೂಮಿಗೆ ಹಗುರ ಎಂದು ಹೇಳಿಯೇ ನಿಮ್ಮ ಮನೆಬಾಗಿಲಿಗೆ ಬಂದವರು ನಾವು. ಆದರೆ ಕಳೆದ ಮಳೆಗಾಲದಲ್ಲಿ ಡ್ರೈಯರ್ ಹಗಲು ರಾತ್ರಿ ಓಡಿತು, ನಮ್ಮ ಮಾತನ್ನೇ ತಿನ್ನುತ್ತಿತ್ತು. ಬ್ರಿಟನ್ ಸರ್ಕಾರ 2008ರಲ್ಲಿ ಪ್ರಕಟಿಸಿದ ಲೆಕ್ಕ ನೋಡಿ: ಒಂದು ಮಗುವಿನ ಎರಡೂವರೆ ವರ್ಷಕ್ಕೆ ಬಿಸಾಡುವ ಡೈಪರಿನಿಂದ ಸುಮಾರು 550 ಕಿಲೋ ಇಂಗಾಲದ ಹೊರೆ (ಭೂಮಿಯನ್ನು ಬಿಸಿಮಾಡುವ ಅನಿಲಗಳ ಲೆಕ್ಕ), ಬಟ್ಟೆಯಿಂದ 570. ಬಟ್ಟೆಯದೇ ಹೆಚ್ಚು! ಎಲ್ಲವನ್ನೂ ಡ್ರೈಯರಿಗೆ ಹಾಕಿದರೆ ಬಟ್ಟೆಯ ಹೊರೆ ಇನ್ನೂ 43% ಏರುತ್ತದೆ. ಬಿಸಿಲಿಗೆ ಹರವಿ, ಮಶೀನ್ ತುಂಬ ಹಾಕಿ ಒಗೆದು, ಎರಡನೆಯ ಮಗುವಿಗೂ ಬಳಸಿದರೆ 40% ಇಳಿಯುತ್ತದೆ. 2023ರಲ್ಲಿ ಅವರೇ ಹೊಸದಾಗಿ ಲೆಕ್ಕ ಹಾಕಿದಾಗ ಡೈಪರಿಗೆ 457 ಕಿಲೋ, ಬಟ್ಟೆಗೆ 345 ಬಂತು. ಮಹಾರಾಷ್ಟ್ರದ ಕರೆಂಟು ಬಹುಪಾಲು ಕಲ್ಲಿದ್ದಲಿನದು. ಡ್ರೈಯರಿನ ಪಾಪ ಇಲ್ಲಿ ಸಣ್ಣದಲ್ಲ.

ಇನ್ನೊಂದು ಹೊರೆ ಕಿಲೋ ಲೆಕ್ಕಕ್ಕೆ ಸಿಗುವಂಥದ್ದಲ್ಲ. ನಮ್ಮಲ್ಲಿ ಲಂಗೋಟಿ ಮಡಿಸುವ ಒಬ್ಬ ಅಕ್ಕ ಮೊದಲು ಮನೆಮನೆಯ ಕಸ ವಿಂಗಡಿಸುತ್ತಿದ್ದರು. ಡೈಪರಿನೊಳಗಿನ ಪ್ಲಾಸ್ಟಿಕ್ಕು, ನೀರು ಹೀರುವ ಪುಡಿ, ಮರದ ತಿರುಳು ಮತ್ತು ಮಲ ಒಂದಾಗಿ ಉಬ್ಬಿರುತ್ತವೆ. ಮರುಬಳಕೆಗೆ ಯಾರೂ ಕೊಳ್ಳುವುದಿಲ್ಲ, ಆದರೆ ಬರಿಗೈಯಲ್ಲಿ ಅದನ್ನು ಮುಟ್ಟಲೇಬೇಕಾಗುತ್ತಿತ್ತು. ಊಟಕ್ಕೆ ಕೂತಾಗಲೂ ಕೈಯ ನಾತ ಹೋಗುತ್ತಿರಲಿಲ್ಲ ಎನ್ನುತ್ತಾರೆ.

ರಾತ್ರಿಗೆ, ಪ್ರಯಾಣಕ್ಕೆ ಡೈಪರ್ ಹಾಕುವವರ ಮೇಲೆ ನಮಗೆ ಬೇಸರವಿಲ್ಲ. ಮಲವನ್ನು ಸಂಡಾಸಿಗೆ ಹಾಕಿ, ಡೈಪರನ್ನು ಹಳೆಯ ಪೇಪರಿನಲ್ಲಿ ಸುತ್ತಿ, ಮೇಲೆ ಕೆಂಪು ಚುಕ್ಕೆ ಇಟ್ಟು ಬೇರೆಯಾಗಿ ಕೊಡಿ. ಹೀಗೆ ಸುತ್ತಿ, ಕೆಂಪು ಚುಕ್ಕೆ ಇಟ್ಟು ಕೊಡಿ ಎಂದು ಪುಣೆಯ ಕಸ ಆಯುವವರ ಸಂಸ್ಥೆ 'ಸ್ವಚ್ಛ್' ಕೂಡ ಕೇಳಿದೆ. ನಮಗೆ ಕೊಡುವ ಲಂಗೋಟಿಯ ಮಲವನ್ನೂ ಹೀಗೇ ತೆಗೆದು, ಮುಚ್ಚಳವಿರುವ ಒಣ ಬಕೆಟ್ಟಿನಲ್ಲಿಡಿ. ಮನೆಯಲ್ಲಿ ಒಗೆಯುವವರು ಸಾಫ್ಟನರ್ ಹಾಕಬೇಡಿ. ಬಟ್ಟೆ ನೀರು ಹೀರುವುದು ಕಡಿಮೆಯಾಗುತ್ತದೆ.

ಮಳೆ ಜೋರಾದ ವಾರ ಫ್ಯಾನಿನ ಕೆಳಗೆ ಒಣಗಿಸುತ್ತೇವೆ, ಗಾಡಿ ಒಂದು ದಿನ ತಡವಾದೀತು. ಕೂಸಿಗೆ ಭೇದಿ ಇದ್ದರೆ ಫೋನ್ ಮಾಡಿ. ಆ ಮನೆಗೆ ದಿನಾ ಬರುತ್ತೇವೆ.

ಇಂತಿ,
ಸಹಕಾರಿಯ ಎಲ್ಲ ಸದಸ್ಯೆಯರು