ರ ಅಂದ್ರೆ ರವೆ, ವ ಅಂದ್ರೆ ವಡೆ: ಎಲ್‌ಕೆಜಿ, ಯುಕೆಜಿ ಮಕ್ಕಳ ಪೋಷಕರಿಗೆ

ಎಲ್ಲ ಪೋಷಕರಿಗೂ ನಮಸ್ಕಾರ.

"ಇನ್ನೂ ಅ ಆ ಇ ಈ ಬರೆಸೋಕೆ ಶುರು ಮಾಡಿಲ್ವಾ ಮೇಡಂ?" ಅಂತ ಗೇಟಿನ ಹತ್ತಿರ ತುಂಬಾ ಜನ ಕೇಳುತ್ತಿದ್ದೀರಿ. ಮಗುವಿನ ಬ್ಯಾಗಿನಲ್ಲಿ ಬರೆದ ಪುಸ್ತಕ ಇಲ್ಲ, ಕಾಗದದ ವಡೆ, ಕಾಗದದ ಹಪ್ಪಳ ಇದೆ. ಇದೆಂಥ ಓದು ಅಂತ ಅನ್ನಿಸುವುದು ಸಹಜ, ಅದಕ್ಕೇ ಈ ಪತ್ರ.

ಈ ವರ್ಷ ನಾವು ಅಕ್ಷರ ಕಲಿಸುತ್ತಿರುವುದು ತಿಂಡಿ, ತರಕಾರಿಗಳ ಹೆಸರು ಹಿಡಿದು, ಕಾಗದ ಹರಿದು ಅಂಟಿಸಿ. ಬರೆಯುವುದು ಆಮೇಲೆ. ನಾಲ್ಕು ವರ್ಷದ ಬೆರಳಿಗೆ ಪೆನ್ಸಿಲ್ ಹಿಡಿದು ಸುತ್ತಿಸುವಷ್ಟು ಕಸುವು ಇನ್ನೂ ಬಂದಿರುವುದಿಲ್ಲ. ನಮ್ಮ ಅಕ್ಷರಗಳೋ ಎಲ್ಲಾ ದುಂಡು ದುಂಡು. ಕಾಗದ ಹರಿಯುವಾಗ, ಉಂಡೆ ಕಟ್ಟುವಾಗ, ಹೆಬ್ಬೆರಳು ತೋರುಬೆರಳು ಸೇರಿಸಿ ಚಿವುಟುವಾಗ ಅದೇ ಬೆರಳು ಗಟ್ಟಿಯಾಗುತ್ತದೆ.

ಅ ಆ ಇ ಈ ಹಾಡು ದಿನಾ ಹೇಳಿಸುತ್ತೇವೆ, ಆ ಚಿಂತೆ ಬೇಡ. ಆದರೆ ಕೈಗೆ ಕೊಡುವುದು ಮೊದಲು ರ, ಗ, ಸ, ದ, ಅ. ಇದು ನಾವು ಕಂಡುಹಿಡಿದದ್ದಲ್ಲ, ಸರ್ಕಾರಿ ಶಾಲೆಗಳ ಒಂದನೇ ತರಗತಿಯಲ್ಲಿ ಬಹಳ ವರ್ಷಗಳಿಂದ ಹೀಗೇ ಶುರು ಮಾಡುತ್ತಾರೆ. ಈ, ಋ ಥರದ ಅಕ್ಷರಗಳನ್ನು ಮೊದಲೇ ಕೊಟ್ಟರೆ ಮಗು ಅಲ್ಲೇ ಕೈಚೆಲ್ಲುತ್ತದೆ. ರ ಸುಲಭ. ಅದಕ್ಕೆ ನಮ್ಮ ತಿಂಡಿ ರವೆ. ಆಫೀಸಿನ ಪಂಚಿಂಗ್ ಮಷಿನ್ನಿನಿಂದ ಬಿದ್ದ ಬಿಳಿ ಚೂರುಗಳನ್ನು ಕೂಡಿಟ್ಟು, ದೊಡ್ಡದಾಗಿ ಬರೆದ ರ ಮೇಲೆ ಅಂಟು ಸವರಿ, ಕೈ ಎಲ್ಲಿಂದ ಬರೆಯಲು ಶುರು ಮಾಡಬೇಕೋ ಅಲ್ಲಿಂದಲೇ ಒಂದೊಂದಾಗಿ ಮಕ್ಕಳ ಕೈಯಲ್ಲಿ ಅಂಟಿಸುತ್ತೇವೆ. ಆಮೇಲೆ ಕಣ್ಣು ಮುಚ್ಚಿ ಬೆರಳಾಡಿಸಿದರೂ ಮಗುವಿಗೆ ಅಕ್ಷರದ ದಾರಿ ಗೊತ್ತಾಗುತ್ತದೆ.

ನನಗೆ ತುಂಬಾ ಇಷ್ಟವಾಗುವುದು ವಡೆಯ ದಿನ. ಪುಸ್ತಕಕ್ಕೆ ಹಾಕುವ ಖಾಕಿ ಹಾಳೆಯನ್ನು ಕತ್ತರಿ ಮುಟ್ಟದೆ, ಕೈಯಲ್ಲೇ ದುಂಡಗೆ ಹರಿಯಬೇಕು, ನಡುವೆ ಬೆರಳು ತೂರಿಸಿ ತೂತು ಮಾಡಬೇಕು. ಪಕ್ಕದಲ್ಲೇ ಕಾಗದ ಹೊಸೆದ ಹುರಿಯಿಂದ ವ ಕೂರಿಸುವುದು. ಮಾರನೇ ದಿನ ಅದೇ ವ ಬಲಗಡೆಗೆ ಇನ್ನೊಂದು ತುಂಡು ಹುರಿ ಸೇರಿಸಿದರೆ ಮ ಆಯಿತು, ಮ ಅಂದರೆ ಮಜ್ಜಿಗೆ. ಒಂದು ಅಕ್ಷರದಿಂದ ಇನ್ನೊಂದು ಹುಟ್ಟುವುದನ್ನು ಮಗು ತನ್ನ ಕೈಯಲ್ಲೇ ನೋಡಿದರೆ, ನೂರು ಸಲ ತಿದ್ದಿಸುವ ಕೆಲಸವೇ ಇರುವುದಿಲ್ಲ.

ನಮ್ಮ ದಾವಣಗೆರೆಯಲ್ಲಿ ಬ ಅಂದ್ರೆ ಬೆಣ್ಣೆದೋಸೆ ಯಾಕಿಲ್ಲ ಅಂತ ಕೇಳಿದಿರಿ. ಅದು ಬೆ ಅಲ್ವಾ? ಬಾಯಲ್ಲಿ ಬೆ, ಕೈಯಲ್ಲಿ ಬ ಇದ್ದರೆ ಮಗು ಗೊಂದಲಕ್ಕೆ ಬೀಳುತ್ತದೆ. ಹಾಗಾಗಿ ಈಗ ಬದನೆಕಾಯಿ. ಬೆಣ್ಣೆದೋಸೆ ಯುಕೆಜಿಯಲ್ಲಿ, ಕಾಗುಣಿತದ ಜೊತೆಗೆ. ಋಗೆ ತಿಂಡಿ ಇಲ್ಲ, ಸುಮ್ನೆ ಎಳೆದು ತರುವುದು ಬೇಡ, ಅಲ್ಲಿ ಋಷಿಯೇ ಇರಲಿ. ಣ, ಳ ಇಂದ ಶುರುವಾಗುವ ಪದ ಸಿಗುವುದಿಲ್ಲವಲ್ಲ, ಅವನ್ನು ಬಾಳೆಹಣ್ಣಿನೊಳಗೆ ಹುಡುಕಿಸುತ್ತೇವೆ.

ಮನೆಯಲ್ಲಿ ಉರ್ದು, ತೆಲುಗು, ಲಂಬಾಣಿ ಮಾತಾಡುವ ಮಕ್ಕಳೂ ನಮ್ಮಲ್ಲಿ ಇದ್ದಾರೆ. ಅವರಿಗೆ ಕನ್ನಡ ಹೊಸದು, ಇಡ್ಲಿ ಹೊಸದಲ್ಲ. ಗೊತ್ತಿರುವ ರುಚಿಯಿಂದ ಶುರು ಮಾಡಿದರೆ ಆ ಮಕ್ಕಳೂ ಮೊದಲ ದಿನದಿಂದಲೇ ಬಾಯಿ ಬಿಡುತ್ತಾರೆ.

ಈಗ ನಿಮ್ಮಿಂದ ಆಗಬೇಕಾದದ್ದು. ಹಳೇ ಪೇಪರ್, ಮದುವೆ ಕಾರ್ಡ್, ಸ್ವೀಟ್ ಬಾಕ್ಸಿನ ರಟ್ಟು ಕಳಿಸಿ. ಅಂಗಡಿಯ ಕ್ರಾಫ್ಟ್ ಕಿಟ್, ಥರ್ಮಾಕೋಲ್, ಮಿನುಗುಪುಡಿ ಬೇಡವೇ ಬೇಡ. ಅಂಟನ್ನು ಮೈದಾ ಕುದಿಸಿ ಇಲ್ಲೇ ಮಾಡುತ್ತೇವೆ. ಅಕ್ಕಿ, ಕಡಲೆಕಾಳು, ಬಟಾಣಿ ಕಳಿಸಬೇಡಿ. ಪುಟ್ಟ ಮಕ್ಕಳು ಕಾಳನ್ನು ಮೂಗಿಗೋ ಕಿವಿಗೋ ತುರುಕಿಕೊಂಡರೆ ಆಸ್ಪತ್ರೆಗೆ ಓಡಬೇಕಾಗುತ್ತದೆ, ಅಲ್ಲದೆ ತಿನ್ನುವ ಕಾಳನ್ನು ಅಂಟಿಸಿ ಎಸೆಯುವುದು ನನಗೆ ಒಪ್ಪಿಗೆಯಿಲ್ಲ. ಮಗುವಿನ ಕೆಲಸ ನೀವು ಮಾಡಿಕೊಡಬೇಡಿ. ಅಮ್ಮ ಕತ್ತರಿಸಿದ ಅಂದದ ವಡೆಗಿಂತ ಮಗು ಹರಿದ ಸೊಟ್ಟ ವಡೆಯೇ ನಮಗೆ ಬೇಕು. "ವಡೆ ಹೀಗಿರುತ್ತಾ?" ಅಂತ ದಯವಿಟ್ಟು ನಗಬೇಡಿ.

ಅಡುಗೆಮನೆಯಲ್ಲಿ ಒಂದು ಕೆಲಸ ಮಾಡಿ. ಮಗು ತಂದ ಅಕ್ಷರವನ್ನು ಡಬ್ಬದ ಮೇಲೆ ಅಂಟಿಸಿ: ರವೆಗೆ ರ, ಸಕ್ಕರೆಗೆ ಸ, ಗಸಗಸೆಗೆ ಗ, ಅಕ್ಕಿಗೆ ಅ. ಆಮೇಲೆ "ಸ ಡಬ್ಬ ತಗೊಂಡು ಬಾ ಪುಟ್ಟಾ" ಅನ್ನಿ, ಸಾಕು. ಹೋಂವರ್ಕ್ ಅಂತ ಬೇರೆ ಏನೂ ಇಲ್ಲ.

ಬರುವ ಶನಿವಾರ ಬೆಳಿಗ್ಗೆ ಎಲ್‌ಕೆಜಿ ಕೊಠಡಿಯಲ್ಲಿ ಕಾಗದದ ಕಡುಬು, ಕಜ್ಜಾಯ ಮಾಡಿಸಿ ಕ ಕಲಿಸುತ್ತೇವೆ. ಬಿಡುವಿದ್ದವರು ಬಂದು ಮಕ್ಕಳ ಜೊತೆ ನೆಲದ ಮೇಲೆ ಕುಳಿತುಕೊಳ್ಳಿ. ಅಜ್ಜಿ, ತಾತ ಬಂದರೆ ಇನ್ನೂ ಸಂತೋಷ. ಬರುವವರು ಶುಕ್ರವಾರದೊಳಗೆ ಕ್ಲಾಸ್ ಟೀಚರಿಗೆ ಹೇಳಿದರೆ ಚಾಪೆ ಹಾಸಿಡುತ್ತೇವೆ.

ಇಂತಿ,
ನಿಮ್ಮ ಮುಖ್ಯ ಶಿಕ್ಷಕಿ