ವೈಫೈ ಸಿಗುತ್ತಿಲ್ಲ ಎಂದು ಡೆಸ್ಕ್‌ಟಾಪನ್ನು ಗುಜರಿಗೆ ಕೊಡಬೇಡಿ

ಮಾನ್ಯ ಸಂಪಾದಕರೇ,

ನಿಮ್ಮ ಪತ್ರಿಕೆಯಲ್ಲಿ ಮೊಬೈಲ್ ಬಗ್ಗೆ ಆಗಾಗ ಬರುತ್ತಿರುತ್ತದೆ. ಮನೆಯ ಮೂಲೆಯಲ್ಲಿ ಕೂತಿರುವ ಡೆಸ್ಕ್‌ಟಾಪ್ ಬಗ್ಗೆ ಮಾತ್ರ ಯಾರೂ ಬರೆಯುವುದಿಲ್ಲ. ಮುಂಬಯಿಯಲ್ಲಿ ನಮ್ಮವರ ಎಷ್ಟೋ ಮನೆಗಳಲ್ಲಿ, ಹೋಟೆಲಿನ ಗಲ್ಲಾದಲ್ಲಿ, ಸಂಘಗಳ ಆಫೀಸಿನಲ್ಲಿ ಇವತ್ತಿಗೂ ದುಡಿಯುತ್ತಿರುವುದು ಅದೇ ಅಲ್ವಾ? ಅದಕ್ಕೆ ವೈಫೈ ಸಿಗದೆ ಹೋದರೆ ಸಾಕು, ನೋಡಲು ಬಂದವರು ಒಂದೋ ಮದರ್‌ಬೋರ್ಡ್ ಹೋಗಿದೆ ಎನ್ನುತ್ತಾರೆ, ಇಲ್ಲವೇ ಫಾರ್ಮ್ಯಾಟ್ ಮಾಡಬೇಕು ಎನ್ನುತ್ತಾರೆ. ಎರಡಕ್ಕೂ ದುಡ್ಡು. ನಾನು ನೋಡಿದ ಮಟ್ಟಿಗೆ ಹೆಚ್ಚಿನ ಸಲ ಎರಡೂ ಬೇಕಿರುವುದಿಲ್ಲ. ತೊಂದರೆ ಇರುವುದು ವೈಫೈ ಹಿಡಿದುಕೊಡುವ ಆ ಚಿಕ್ಕ ಅಡಾಪ್ಟರ್‌ನಲ್ಲಿ, ಅದನ್ನು ಚುಚ್ಚಿದ ಜಾಗದಲ್ಲಿ, ಇಲ್ಲವೇ ಅದರ ಡ್ರೈವರ್‌ನಲ್ಲಿ, ಅಂದರೆ ಅದನ್ನು ನಡೆಸುವ ಸಾಫ್ಟ್‌ವೇರ್‌ನಲ್ಲಿ. ದುಡ್ಡು ಕೊಡುವ ಮೊದಲು ಇಷ್ಟನ್ನು ಮನೆಯಲ್ಲೇ ನೋಡಿಕೊಳ್ಳಿ ಎಂದು ಓದುಗರಿಗೆ ಹೇಳಬೇಕಾಗಿದೆ.

ಮುಲುಂಡ್‌ನ ನಮ್ಮ ಬಿಲ್ಡಿಂಗಿನಲ್ಲೇ ಆದದ್ದು ಕೇಳಿ. ಕಾಲೇಜಿಗೆ ಹೋಗುವ ಹುಡುಗಿ, ತಂದೆಗೆ ಹೋಟೆಲಿನಲ್ಲಿ ಕೆಲಸ. ಕಂಪ್ಯೂಟರ್ ಹಳೆಯದು, ಆದರೆ ಚೆನ್ನಾಗಿದೆ. ಹೊಸ ಯುಎಸ್‌ಬಿ ಅಡಾಪ್ಟರ್ ತಂದು ಹಾಕಿದರೆ ವೈಫೈ ಗುರುತೇ ಬರಲಿಲ್ಲ. ಅಂಗಡಿಗೆ ಒಯ್ದರು. ಬೋರ್ಡ್ ಇದನ್ನು ಹಿಡಿಯುತ್ತಿಲ್ಲ, ಬದಲಾಯಿಸಬೇಕು ಎಂದು ಸಾವಿರಗಟ್ಟಲೆ ಲೆಕ್ಕ ಹೇಳಿದರಂತೆ. ನಾನು ಹೋಗಿ ಅವಳ ಕಂಪ್ಯೂಟರ್‌ನಲ್ಲಿ ದಿಸ್ ಪಿಸಿ ತೆರೆದು ನೋಡಿದೆ. ಡಿವಿಡಿ ಡ್ರೈವೇ ಇಲ್ಲದ ಕಂಪ್ಯೂಟರ್‌ನಲ್ಲಿ ಒಂದು ಸಿಡಿ ಡ್ರೈವ್ ಕಾಣಿಸುತ್ತಿತ್ತು. ಅದೇ ಆ ಅಡಾಪ್ಟರ್! ಕಡಿಮೆ ಬೆಲೆಯ ಎಷ್ಟೋ ಅಡಾಪ್ಟರ್‌ಗಳು, ಅದರಲ್ಲೂ ರಿಯಲ್‌ಟೆಕ್ ಚಿಪ್ ಇರುವ ಕೆಲವು, ಮೊದಲ ಸಲ ಚುಚ್ಚಿದಾಗ ಸಿಡಿಯ ಹಾಗೆ ಕಾಣಿಸಿಕೊಳ್ಳುತ್ತವೆ. ಒಳಗೆ ಡ್ರೈವರ್‌ನ ಸೆಟಪ್ ಫೈಲ್ ಇರುತ್ತದೆ. ಅದನ್ನು ಇನ್‌ಸ್ಟಾಲ್ ಮಾಡಬೇಕು. ಆಮೇಲೂ ಸಿಡಿಯಾಗಿಯೇ ಉಳಿದರೆ ಅದರ ಮೇಲೆ ರೈಟ್ ಕ್ಲಿಕ್ ಮಾಡಿ ಇಜೆಕ್ಟ್ ಕೊಡಬೇಕು. ಆಗ ಅದು ವೈಫೈ ಅಡಾಪ್ಟರ್ ಆಗಿ ಬದಲಾಗುತ್ತದೆ. ಹುಡುಗಿಯೇ ಮಾಡಿದಳು. ಸ್ವಲ್ಪ ಹೊತ್ತಿಗೆ ಪರದೆಯ ಕೆಳಮೂಲೆಯಲ್ಲಿ ಅಕ್ಕಪಕ್ಕದ ಮನೆಗಳ ವೈಫೈ ಹೆಸರುಗಳು ಸಾಲಾಗಿ ಬಂದವು. ಬೋರ್ಡ್‌ಗೆ ಏನೂ ಆಗಿರಲಿಲ್ಲ. ಅಂಗಡಿಯವರು ಗೊತ್ತಿಲ್ಲದೆ ಹೇಳಿದ್ದರೂ ತಪ್ಪೇ, ಗೊತ್ತಿದ್ದೂ ಹೇಳಿದ್ದರೆ ಇನ್ನೂ ದೊಡ್ಡ ತಪ್ಪು.

ಹಾಗಾಗಿ ಮೊದಲು ತೊಂದರೆ ಎಲ್ಲಿದೆ ಎಂದು ಹುಡುಕಿ. ಕಂಪ್ಯೂಟರ್ ಇರುವ ಜಾಗದಲ್ಲೇ ನಿಂತು, ಮೊಬೈಲ್ ಡೇಟಾ ಆಫ್ ಮಾಡಿ, ಫೋನಿನಲ್ಲಿ ವೈಫೈ ಹಾಕಿ ನೋಡಿ. ಅಲ್ಲೂ ನೆಟ್ ಬರದಿದ್ದರೆ ರೂಟರ್ ಕಡೆ ನೋಡಬೇಕು, ಕಂಪ್ಯೂಟರ್ ಬಿಚ್ಚಿ ಪ್ರಯೋಜನವಿಲ್ಲ. ಫೋನಿಗೆ ಬಂದರೆ ಸ್ಟಾರ್ಟ್ ಬಟನ್ ಮೇಲೆ ರೈಟ್ ಕ್ಲಿಕ್ ಮಾಡಿ ಡಿವೈಸ್ ಮ್ಯಾನೇಜರ್ ತೆರೆಯಿರಿ. ನೆಟ್‌ವರ್ಕ್ ಅಡಾಪ್ಟರ್ಸ್ ಕೆಳಗೆ ನಿಮ್ಮ ವೈಫೈ ಅಡಾಪ್ಟರಿನ ಹೆಸರು ಇದೆಯಾ? ಹೆಸರಿನ ಗುರುತಿನ ಮೇಲೆ ಕೆಳಮುಖ ಬಾಣ ಇದ್ದರೆ ಅದು ಆಫ್ ಆಗಿದೆ ಅಷ್ಟೇ, ಎನೇಬಲ್ ಕೊಟ್ಟರೆ ಸಾಕು. ಹಳದಿ ತ್ರಿಕೋನ ಇದ್ದರೆ ಅದರ ಮೇಲೆ ಡಬಲ್ ಕ್ಲಿಕ್ ಮಾಡಿ ಅಲ್ಲಿ ಬರೆದಿರುವ ಕೋಡ್ ಓದಿ. 28 ಎಂದರೆ ಡ್ರೈವರ್ ಹಾಕೇ ಇಲ್ಲ. 10 ಎಂದರೆ ಅಡಾಪ್ಟರ್ ಶುರುವಾಗುತ್ತಿಲ್ಲ. 43 ಎಂದರೆ ಅಡಾಪ್ಟರ್ ತನ್ನಲ್ಲಿ ತೊಂದರೆ ಇದೆ ಎಂದು ತಿಳಿಸಿದ್ದರಿಂದ ವಿಂಡೋಸ್ ಅದನ್ನು ನಿಲ್ಲಿಸಿದೆ.

10 ಅಥವಾ 43 ಬಂದರೆ ಹೆದರಬೇಡಿ. ಶಟ್ ಡೌನ್ ಮಾಡಿದರೆ ಎಲ್ಲ ಪೂರ್ತಿ ಆಫ್ ಆಯಿತು ಎಂದುಕೊಳ್ಳುತ್ತೇವೆ, ಆದರೆ ವಿಂಡೋಸ್ 8ರಿಂದ ಫಾಸ್ಟ್ ಸ್ಟಾರ್ಟಪ್ ಎಂಬುದು ಬಂದಿದೆ, ಅದು ಡ್ರೈವರ್‌ಗಳು ಇದ್ದ ಸ್ಥಿತಿಯನ್ನು ಡಿಸ್ಕ್‌ನಲ್ಲಿ ಉಳಿಸಿಟ್ಟುಕೊಂಡು ಮರುದಿನ ಅದನ್ನೇ ಎತ್ತಿಕೊಳ್ಳುತ್ತದೆ, ಹಾಗಾಗಿ ನಿನ್ನೆಯ ತೊಂದರೆ ಇವತ್ತೂ ಹಾಗೇ ಇರುತ್ತದೆ. ರೀಸ್ಟಾರ್ಟ್ ಕೊಟ್ಟರೆ ಹೀಗಾಗುವುದಿಲ್ಲ. ಅದಕ್ಕೂ ಬಗ್ಗದಿದ್ದರೆ ಕಂಪ್ಯೂಟರ್ ಆಫ್ ಮಾಡಿ, ಗೋಡೆಯ ಸ್ವಿಚ್ ಆರಿಸಿ, ಪವರ್ ಕೇಬಲ್ ಕಿತ್ತು, ಪವರ್ ಬಟನ್ ಅರ್ಧ ನಿಮಿಷ ಒತ್ತಿ ಹಿಡಿಯಿರಿ. ಒಳಗೆ ಉಳಿದ ಕರೆಂಟ್ ಹೋಗುತ್ತದೆ. ಮತ್ತೆ ಜೋಡಿಸಿ ಆನ್ ಮಾಡಿದಾಗ ಕಾಣೆಯಾಗಿದ್ದ ವೈಫೈ ಕಾರ್ಡ್ (ಕಂಪ್ಯೂಟರಿನ ಒಳಗೇ ಕೂರುವ ಅಡಾಪ್ಟರ್) ವಾಪಸ್ ಬಂದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಡ್ರೈವರ್ ಇಲ್ಲದಿದ್ದರೆ ಜನ ಸಿಕ್ಕಿಹಾಕಿಕೊಳ್ಳುವುದು ಇನ್ನೊಂದು ಕಡೆ. ಡ್ರೈವರ್ ಇಳಿಸಿಕೊಳ್ಳಲು ನೆಟ್ ಬೇಕು, ನೆಟ್ ಬರಲು ಡ್ರೈವರ್ ಬೇಕು. ಇದಕ್ಕೆ ಸುಲಭದ ದಾರಿ ಇದೆ. ಆಂಡ್ರಾಯ್ಡ್ ಫೋನನ್ನು ಡೇಟಾ ಕೇಬಲ್‌ನಿಂದ ಕಂಪ್ಯೂಟರ್‌ಗೆ ಜೋಡಿಸಿ, ಫೋನಿನ ಹಾಟ್‌ಸ್ಪಾಟ್ ಸೆಟಿಂಗ್‌ನಲ್ಲಿ ಯುಎಸ್‌ಬಿ ಟೆದರಿಂಗ್ ಆನ್ ಮಾಡಿ. ಫೋನ್ ಮನೆಯ ವೈಫೈನಲ್ಲಿದ್ದರೆ ಆ ನೆಟ್ಟೇ ಕೇಬಲ್ ಮೂಲಕ ಕಂಪ್ಯೂಟರ್‌ಗೆ ಬರುತ್ತದೆ, ಮೊಬೈಲ್ ಡೇಟಾ ಕೂಡ ಖರ್ಚಾಗುವುದಿಲ್ಲ. ಇಷ್ಟಾದರೆ ವಿಂಡೋಸ್ ಅಪ್‌ಡೇಟ್ ತಾನೇ ಡ್ರೈವರ್ ಹುಡುಕಿ ಹಾಕಬಹುದು. ಇಲ್ಲದಿದ್ದರೆ ತಯಾರಕರ ಸೈಟಿನಿಂದ ಇಳಿಸಿಕೊಳ್ಳಿ. ಒಂದೇ ಮಾಡೆಲ್ ಹೆಸರಿನಲ್ಲಿ ವಿ1, ವಿ2 ಎಂದು ಬೇರೆ ಬೇರೆ ಚಿಪ್ ಇರುವುದುಂಟು, ಅಡಾಪ್ಟರ್ ಮೇಲಿನ ಚೀಟಿಯನ್ನು ಮೊಬೈಲ್ ಕ್ಯಾಮೆರಾದಲ್ಲಿ ದೊಡ್ಡದು ಮಾಡಿ ಓದಿ. ಎಲ್ಲ ಡ್ರೈವರ್ ಉಚಿತವಾಗಿ ಅಪ್‌ಡೇಟ್ ಮಾಡಿಕೊಡುತ್ತೇವೆ ಎಂದು ಜಾಹೀರಾತು ಹಾಕುವ ಸಾಫ್ಟ್‌ವೇರ್‌ಗಳ ಹತ್ತಿರವೂ ಹೋಗಬೇಡಿ.

ಇನ್ನು ಜಾಗದ ವಿಷಯ. ಇದನ್ನು ಜನ ತುಂಬಾ ಕಡೆಗಣಿಸುತ್ತಾರೆ. ನಮ್ಮ ಮನೆಗಳಲ್ಲಿ ಕೇಬಲ್‌ನವರು ಬಾಗಿಲ ಮೇಲಿನಿಂದ ವೈರ್ ತಂದು ರೂಟರನ್ನು ಅಲ್ಲೇ ನೇತುಹಾಕಿ ಹೋಗುತ್ತಾರೆ. ಕಂಪ್ಯೂಟರ್ ಇರುವುದು ಒಳಗಿನ ರೂಮಿನಲ್ಲಿ, ನಡುವೆ ಗೋಡೆ, ಗೋಡೆಗೆ ಒರಗಿದ ಕಬ್ಬಿಣದ ಕಪಾಟು. ಅಡಾಪ್ಟರನ್ನು ಕ್ಯಾಬಿನೆಟ್ಟಿನ ಬೆನ್ನಿಗೆ ಚುಚ್ಚಿರುತ್ತಾರೆ, ಅಂದರೆ ಅದರ ಒಂದು ಕಡೆ ಉಕ್ಕಿನ ತಗಡು, ಇನ್ನೊಂದು ಕಡೆ ಗೋಡೆ. ಸಿಗ್ನಲ್ ಎಲ್ಲಿಂದ ಬರಬೇಕು?

ಅದರ ಮೇಲೆ ಯುಎಸ್‌ಬಿ 3.0 ಪೋರ್ಟಿನ ಕಾಟ. ಒಳಗೆ ನೀಲಿ ಬಣ್ಣ ಇರುತ್ತದಲ್ಲ, ಸಾಮಾನ್ಯವಾಗಿ ಅದೇ. ಅದರಲ್ಲಿ ಡೇಟಾ ಓಡುವಾಗ, ವೈಫೈ ಬಳಸುವ 2.4 ಗಿಗಾಹರ್ಟ್ಸ್ ಬ್ಯಾಂಡಿನಲ್ಲಿ (ರೇಡಿಯೋ ತರಂಗಗಳ ಪಟ್ಟಿಯಲ್ಲಿ) ರೇಡಿಯೋ ಗದ್ದಲ ಏಳುತ್ತದೆ ಎಂದು ಇಂಟೆಲ್ 2012ರಲ್ಲೇ ಬರೆದು ಪ್ರಕಟಿಸಿದೆ. ಪಕ್ಕದ ಪೋರ್ಟಿನಲ್ಲಿ ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್ ಇದ್ದರೆ ವೈಫೈ ನಿಧಾನವಾಗುವುದಕ್ಕೆ, ವೈರ್‌ಲೆಸ್ ಮೌಸ್ ತಡವರಿಸುವುದಕ್ಕೆ ಇದೂ ಒಂದು ಕಾರಣ. ಒಂದು ಮೀಟರ್ ಯುಎಸ್‌ಬಿ ಎಕ್ಸ್‌ಟೆನ್ಷನ್ ಕೇಬಲ್ ತಂದು ಅಡಾಪ್ಟರನ್ನು ಟೇಬಲ್ ಮೇಲೆ ಎತ್ತರದಲ್ಲಿಟ್ಟರೆ ಎರಡೂ ಕಾಟ ಕಡಿಮೆಯಾಗುತ್ತದೆ. ಕಂಪ್ಯೂಟರ್ ಸಾಮಾನು ಮಾರುವ ಲ್ಯಾಮಿಂಗ್ಟನ್ ರೋಡಿನಲ್ಲಿ ಇದು ಯಾವ ಅಂಗಡಿಯಲ್ಲಿ ಕೇಳಿದರೂ ಸಿಗುತ್ತದೆ.

ಪರಿಚಯದವರ ಹೋಟೆಲಿನಲ್ಲಿ ಮಧ್ಯಾಹ್ನ ಗಿರಾಕಿ ಜಾಸ್ತಿ ಇದ್ದಾಗಲೇ ಬಿಲ್ಲಿಂಗ್ ಕಂಪ್ಯೂಟರಿನ ನೆಟ್ ಹೋಗುತ್ತಿತ್ತು. ಕೌಂಟರಿನ ಹಿಂದೆಯೇ ಮೈಕ್ರೋವೇವ್. ಅದೂ ಕೆಲಸ ಮಾಡುವುದು 2.45 ಗಿಗಾಹರ್ಟ್ಸ್‌ನಲ್ಲಿ. ಒವನ್ ಓಡುವಾಗ ನೆಟ್ ಬಿಡುತ್ತಿತ್ತು, ನಿಂತ ಮೇಲೆ ಬರುತ್ತಿತ್ತು. 2.4 ಮತ್ತು 5 ಗಿಗಾಹರ್ಟ್ಸ್ ಎರಡೂ ಬ್ಯಾಂಡ್ ಹಿಡಿಯುವ ಅಡಾಪ್ಟರ್ ಹಾಕಿ ರೂಟರಿನ 5 ಗಿಗಾಹರ್ಟ್ಸ್ ಹೆಸರಿಗೆ ಜೋಡಿಸಿದ ಮೇಲೆ ಆ ಗೋಳು ತಪ್ಪಿತು. ಆದರೆ 5 ಗಿಗಾಹರ್ಟ್ಸ್ ಗೋಡೆ ದಾಟುವುದರಲ್ಲಿ ಸೋಲುತ್ತದೆ. ದೂರದ ರೂಮಿಗೆ 2.4 ವಾಸಿ.

ಫೋನಿಗೆ ಕಾಣುವ ವೈಫೈ ಹೆಸರು ಕಂಪ್ಯೂಟರ್‌ಗೆ ಕಾಣದಿದ್ದರೆ ಅಡಾಪ್ಟರ್ ಕೆಟ್ಟಿದೆ ಎನ್ನಬೇಡಿ. 150 ಎಂಬಿಪಿಎಸ್‌ನ ಆ ಚಿಕ್ಕ ಅಡಾಪ್ಟರ್‌ಗಳಿಗೆ ಸಾಮಾನ್ಯವಾಗಿ 5 ಗಿಗಾಹರ್ಟ್ಸ್ ಕಾಣುವುದೇ ಇಲ್ಲ. ರೂಟರ್ 12 ಅಥವಾ 13ನೇ ಚಾನೆಲ್‌ನಲ್ಲಿದ್ದರೆ ಅಮೆರಿಕದ ಸೆಟಿಂಗ್ ಇರುವ ಅಡಾಪ್ಟರ್‌ಗೆ ಕಾಣದಿರಬಹುದು, ರೂಟರಿನ ಸೆಟಿಂಗ್‌ನಲ್ಲಿ ಚಾನೆಲನ್ನು 1, 6, 11ರಲ್ಲಿ ಒಂದಕ್ಕೆ ಬದಲಾಯಿಸಿ. ಹೆಸರು ಕಂಡೂ ಪಾಸ್‌ವರ್ಡ್ ಒಪ್ಪದಿದ್ದರೆ ಹೊಸ ರೂಟರ್ ಡಬ್ಲ್ಯೂಪಿಎ3 ಎಂಬ ಹೊಸ ಸುರಕ್ಷತಾ ವಿಧಾನವನ್ನು ಮಾತ್ರ ಕೇಳುತ್ತಿರಬಹುದು, ರೂಟರಿನ ಸೆಟಿಂಗ್‌ನಲ್ಲಿ ಹಳೆಯ ಡಬ್ಲ್ಯೂಪಿಎ2 ಮತ್ತು 3 ಎರಡೂ ನಡೆಯುವಂತೆ ಮಾಡಿ. ಆಗಾಗ ಬಿಟ್ಟುಹೋಗುತ್ತಿದ್ದರೆ ಡಿವೈಸ್ ಮ್ಯಾನೇಜರ್‌ನಲ್ಲಿ ಅಡಾಪ್ಟರಿನ ಪವರ್ ಮ್ಯಾನೇಜ್‌ಮೆಂಟ್‌ಗೆ ಹೋಗಿ, ಕರೆಂಟ್ ಉಳಿಸಲು ಇದನ್ನು ಆಫ್ ಮಾಡಬಹುದು ಎಂಬ ಟಿಕ್ ತೆಗೆಯಿರಿ. ಬೋರ್ಡಿನಲ್ಲೇ ವೈಫೈ ಇದ್ದರೆ ಹಿಂದೆ ಆಂಟೆನಾ ತಿರುಗಿಸಿ ಕೂರಿಸಿದ್ದಾರಾ ನೋಡಿ. ಎಷ್ಟೋ ಕಡೆ ಅದು ಡಬ್ಬಿಯಲ್ಲೇ ಉಳಿದಿರುತ್ತದೆ.

ಅಡಾಪ್ಟರ್ ನಿಜವಾಗಿ ಸತ್ತಿದೆಯೇ ಎಂದು ತಿಳಿಯಲು ಬೇರೆಯವರ ಕಂಪ್ಯೂಟರ್‌ಗೆ ಚುಚ್ಚಿ ನೋಡಿ. ಅಲ್ಲೂ ಏಳದಿದ್ದರೆ ಹೊಸದು ತನ್ನಿ, ಸಾಧಾರಣದ್ದು ಕೆಲವು ನೂರು ರೂಪಾಯಿ. ಡೆಸ್ಕ್‌ಟಾಪ್ ಇದ್ದಲ್ಲೇ ಇರುತ್ತದೆ ಎಂದಾದರೆ ನನ್ನ ಸಲಹೆ ರೂಟರಿನಿಂದ ಒಂದು ಲ್ಯಾನ್ ಕೇಬಲ್ ಎಳೆಸಿಬಿಡಿ ಎಂದೇ. ನಮ್ಮ ಒಂದು ಬೆಡ್‌ರೂಮಿನ ಫ್ಲ್ಯಾಟುಗಳಿಗೆ ಹತ್ತು ಹದಿನೈದು ಮೀಟರ್ ಧಾರಾಳ ಸಾಕು.

ಈಗ ಹೊಸ ಮಾತೊಂದು ಕೇಳಿಬರುತ್ತಿದೆ: ವಿಂಡೋಸ್ 10 ಮುಗಿಯಿತು, ಅದಕ್ಕೇ ನಿಮ್ಮ ವೈಫೈ ಬರುತ್ತಿಲ್ಲ, ಹೊಸ ಕಂಪ್ಯೂಟರ್ ತಗೊಳ್ಳಿ. ಮೈಕ್ರೋಸಾಫ್ಟ್ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದದ್ದು ನಿಜ, ಸುರಕ್ಷತೆಯ ದೃಷ್ಟಿಯಿಂದ ಅದನ್ನು ಯೋಚಿಸಲೇಬೇಕು. ಆದರೆ ಬೆಂಬಲ ನಿಂತ ಮಾತ್ರಕ್ಕೆ ವೈಫೈ ನಿಲ್ಲುವುದಿಲ್ಲ. ಈ ಎರಡನ್ನೂ ಸೇರಿಸಿ ಹೇಳುವವರನ್ನು ನಂಬಬೇಡಿ.

ಸಂಪಾದಕರೇ, ವಾರಕ್ಕೊಮ್ಮೆ ಕಾಲು ಪುಟ ಈ ವಿಷಯಕ್ಕೆ ಕೊಡಿ. ಓದುಗರು ಡಿವೈಸ್ ಮ್ಯಾನೇಜರ್‌ನ ಫೋಟೋ ಮತ್ತು ಕೋಡ್ ಕಳಿಸಲಿ, ಗೊತ್ತಿದ್ದವರು ಕನ್ನಡದಲ್ಲಿ ಉತ್ತರ ಬರೆಯಲಿ. ಬರೆಯಲು ನಾನಂತೂ ತಯಾರಿದ್ದೇನೆ.

ಇತಿ,
ಓದುಗ, ಮುಲುಂಡ್ ಪೂರ್ವ, ಮುಂಬಯಿ